ಕೂಸುಗಳನ್ನು ಅಪ್ಪಿಕೊಂಡ ಕರ್ತನೂ ಅವುಗಳನ್ನು ಹೊರತಕ್ಕ ಸಭೆಯೂ

(ಮೂಲವಾಕ್ಯ: ಮಾರ್ಕ 10:13–16)



ನಮ್ಮ ಕರ್ತನು ಸಿಟ್ಟುಗೊಂಡನೆಂದು ಸುವಾರ್ತೆಗಳಲ್ಲಿ ಓದುವ ಸ್ಥಳಗಳು ಬಹಳವಿಲ್ಲ. ತನ್ನನ್ನು ಬೈದವರಿಗೆ ಆತನು ಪ್ರತಿಯಾಗಿ ಬೈಯಲಿಲ್ಲ. ತನ್ನನ್ನು ಶಿಲುಬೆಗೆ ಹಾಕಿದವರಿಗೋಸ್ಕರ ಪ್ರಾರ್ಥಿಸಿದನು. ಆದರೆ ಮೇಲೆ ಸೂಚಿಸಿದ ವಾಕ್ಯಭಾಗದಲ್ಲಿ ಆತನು ಸಿಟ್ಟುಗೊಂಡನೆಂದು ಮಾರ್ಕನು ಸ್ಪಷ್ಟವಾಗಿ ಬರೆದಿರುತ್ತಾನೆ. ಯಾರ ಮೇಲೆ? ಫರಿಸಾಯರ ಮೇಲಲ್ಲ, ಹೆರೋದನ ಮೇಲಲ್ಲ, ತನ್ನ ಸ್ವಂತ ಶಿಷ್ಯರ ಮೇಲೆಯೇ. ಜನರು ಚಿಕ್ಕ ಮಕ್ಕಳನ್ನು ಆತನ ಬಳಿಗೆ ತಂದರು. ಲೂಕನ ಪ್ರಕಾರ ಅವು ಎತ್ತಿಕೊಂಡು ಬರತಕ್ಕ ಕೂಸುಗಳೇ ಆಗಿದ್ದವು. ಶಿಷ್ಯರು ಅವರನ್ನು ಗದರಿಸಿದರು.

ಶಿಷ್ಯರು ಕ್ರೂರಿಗಳಾಗಿರಲಿಲ್ಲ. ಗುರುವು ದಣಿದಿದ್ದಾನೆ, ದೊಡ್ಡವರಿಗೆ ದೊಡ್ಡ ಸಂಗತಿಗಳನ್ನು ಬೋಧಿಸುತ್ತಿದ್ದಾನೆ, ಕೂಸುಗಳು ಅಳುತ್ತವೆ, ಅವುಗಳಿಗೆ ಏನೂ ತಿಳಿಯುವದಿಲ್ಲ, ದೊಡ್ಡವಾಗಲಿ ಆಮೇಲೆ ನೋಡೋಣ ಎಂದು ಅವರು ನೆನಸಿದ್ದಿರಬೇಕು. ಈ ನೆನಸಿಕೆಯು ನಮಗೂ ನ್ಯಾಯವಾಗಿಯೇ ತೋರುವದು. ಆದರೆ ಕರ್ತನಿಗೆ ಇದೇ ಸಿಟ್ಟನ್ನು ಹುಟ್ಟಿಸಿತು. ಕೂಸುಗಳನ್ನು ತಡೆಯಬಾರದೆಂದು ಹೇಳಿ, ದೇವರ ರಾಜ್ಯವು ಇಂಥವರದೇ ಎಂದು ಆತನು ತಿಳಿಸಿದನು.

ಪ್ರಿಯರೇ, ನಮ್ಮ ಗ್ರಾಮಸಭೆಗಳಲ್ಲಿ ಕೂಸುಗಳನ್ನು ಗದರಿಸಿ ಹೊರಗೆ ಹಾಕುವವರು ಈಗ ವಿರಳ. ಆದರೂ "ದೊಡ್ಡವಾಗಲಿ, ಆಮೇಲೆ ನೋಡೋಣ" ಎಂಬ ಶಿಷ್ಯರ ಮಾತು ನಮ್ಮೊಳಗಿನಿಂದ ಹೋಗಿಲ್ಲ. ಓದಲು ಕಲಿತ ಮೇಲೆ ಆದಿತ್ಯವಾರದ ಶಾಲೆಗೆ ಸೇರಿಸೋಣ, ಪ್ರಾಯಕ್ಕೆ ಬಂದ ಮೇಲೆ ಉಪದೇಶಿಯ ಬಳಿಗೆ ಕಳುಹಿಸೋಣ, ಅಲ್ಲಿಯವರೆಗೆ ಕೂಸು ತಾಯಿಯ ಪಾಲಿಗೆ ಇರಲಿ ಎಂದು ನಾವು ಎಣಿಸುತ್ತೇವೆ. ಈ ಎಣಿಕೆಯು ತಪ್ಪೆಂದೂ, ಕೂಸಿನ ಮೊದಲನೆಯ ಆರು ವರ್ಷಗಳು ತಾಯಿಯೊಬ್ಬಳ ಹೊರೆಯಲ್ಲ, ಇಡೀ ಸಭೆಯ ಹೊರೆಯೆಂದೂ ನಾವು ಈ ತಿಂಗಳು ನಿಮ್ಮ ಮುಂದೆ ಇಡಬಯಸುತ್ತೇವೆ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಪೈರು ನಾಟಿ ಮಾಡುವ ರೈತನು ಸಸಿಮಡಿಯನ್ನು ಎಷ್ಟು ಎಚ್ಚರದಿಂದ ಕಾಯುತ್ತಾನೆ! ಅಲ್ಲಿ ನೀರು ಹೆಚ್ಚಾಗಬಾರದು, ಕಡಿಮೆಯಾಗಬಾರದು, ಕೋಳಿ ಕೆದಕಬಾರದು, ದನ ತುಳಿಯಬಾರದು. ಮಡಿಯಲ್ಲಿ ಬಾಡಿದ ಸಸಿಗೆ ಹೊಲದಲ್ಲಿ ಎಷ್ಟು ಗೊಬ್ಬರ ಹಾಕಿದರೂ ಅದು ಚೇತರಿಸಿಕೊಳ್ಳುವದು ಕಷ್ಟವೆಂದು ಅವನಿಗೆ ಗೊತ್ತು. ಮನುಷ್ಯನ ಕೂಸಿನ ವಿಷಯದಲ್ಲಿ ಇದು ಇನ್ನೂ ಸತ್ಯವಾಗಿದೆ. ಎರಡು ವರ್ಷ ತುಂಬುವಷ್ಟರಲ್ಲಿ ಮಗುವಿನ ಮಿದುಳು ದೊಡ್ಡವರ ಮಿದುಳಿನ ಗಾತ್ರದ ಸುಮಾರು ನೂರಕ್ಕೆ 80 ಪಾಲನ್ನೂ, ಐದು ವರ್ಷ ತುಂಬುವಷ್ಟರಲ್ಲಿ ಸುಮಾರು 90 ಪಾಲನ್ನೂ ಮುಟ್ಟುವದೆಂದು ವೈದ್ಯಶಾಸ್ತ್ರ ಬಲ್ಲವರು ಹೇಳುತ್ತಾರೆ. ನಾವು "ಆಮೇಲೆ ನೋಡೋಣ" ಎಂದು ತಳ್ಳುವ ವರ್ಷಗಳಲ್ಲಿಯೇ ಸೃಷ್ಟಿಕರ್ತನು ತನ್ನ ಕೆಲಸದ ಬಹುಪಾಲನ್ನು ಮಾಡಿ ಮುಗಿಸುತ್ತಾನೆ. ಆತನು ಕೆಲಸ ಮಾಡುವಾಗ ಆತನ ಸಭೆಯು ಕೈಕಟ್ಟಿಕೊಂಡು ಕೂತಿರಬಹುದೋ?

ಆ ದಿನ ನಮ್ಮ ಕರ್ತನು ಕೂಸುಗಳಿಗೋಸ್ಕರ ಮೂರು ಕೆಲಸಗಳನ್ನು ಮಾಡಿದನು. ಅವುಗಳನ್ನು ಹತ್ತಿರಕ್ಕೆ ಕರೆದನು, ಅಪ್ಪಿಕೊಂಡನು, ಕೈಯಿಟ್ಟು ಆಶೀರ್ವದಿಸಿದನು. ಈ ಮೂರನ್ನು ಒಂದೊಂದಾಗಿ ಧ್ಯಾನಿಸೋಣ.

1. ಆತನು ಅವುಗಳನ್ನು ಹತ್ತಿರಕ್ಕೆ ಕರೆದನು

ಕೂಸುಗಳಿಗೆ ಕರ್ತನ ಸನ್ನಿಧಿಯಲ್ಲಿ ಸ್ಥಳವಿತ್ತು. ನಮ್ಮ ದೇವಾಲಯಗಳಲ್ಲಿ ಇದೆಯೋ? ಕೂಸು ಅತ್ತ ಕೂಡಲೇ ಹತ್ತು ತಲೆಗಳು ಹಿಂದಕ್ಕೆ ತಿರುಗುತ್ತವೆ. ಎಳೆಯ ತಾಯಿಯು ನಾಚಿ ಎದ್ದು ಹೊರಗೆ ಹೋಗಿ ಹುಣಿಸೇಮರದ ಕೆಳಗೆ ನಿಲ್ಲುತ್ತಾಳೆ. ಹೀಗೆ ಒಂದು ವರ್ಷ, ಎರಡು ವರ್ಷ ಅವಳು ದೇವರ ವಾಕ್ಯವನ್ನು ಪೂರ್ತಿಯಾಗಿ ಕೇಳುವದೇ ಇಲ್ಲ. ಅವಳ ಆತ್ಮಕ್ಕೆ ಆಹಾರವು ಅತ್ಯಗತ್ಯವಾಗಿರುವ ಸಮಯದಲ್ಲಿಯೇ ಅವಳು ಹಸಿದವಳಾಗಿ ಮನೆಗೆ ಹೋಗುತ್ತಾಳೆ. ಹಿಂದಿನ ಸಾಲಿನ ಅಜ್ಜಿಯೊಬ್ಬರು ಆ ಕೂಸನ್ನು ಕೈಚಾಚಿ ತೆಗೆದುಕೊಂಡು ಅರ್ಧ ಗಳಿಗೆ ಆಡಿಸಿದರೆ, ಆ ಅಜ್ಜಿಯ ಸೇವೆಯು ಬೋಧಕರ ಪ್ರಸಂಗಕ್ಕಿಂತ ಕಡಿಮೆಯಾದದ್ದೆಂದು ನಾವು ಹೇಳಲಾರೆವು.

ಕೂಸಿಗೆ ದೀಕ್ಷಾಸ್ನಾನವಾಗುವಾಗ ಇಲ್ಲವೆ ಅದನ್ನು ದೇವರಿಗೆ ಪ್ರತಿಷ್ಠಿಸುವಾಗ ತಂದೆತಾಯಿಗಳು ಮಾತ್ರ ನಿಲ್ಲುವದಿಲ್ಲ, ಸಭೆಯು ಸಾಕ್ಷಿಯಾಗಿರುತ್ತದೆ. ಆ ಕೂಸನ್ನು ಕರ್ತನ ಭಯದಲ್ಲಿಯೂ ಪ್ರೀತಿಯಲ್ಲಿಯೂ ಬೆಳೆಸಲು ನಾವು ನೆರವಾಗುತ್ತೇವೆಂದು ನಾವೆಲ್ಲರೂ ಒಪ್ಪಿಕೊಂಡವರಾಗಿದ್ದೇವೆ. ಆಮೇಲೆ ಊಟಮಾಡಿ ಮನೆಗೆ ಹೋಗುತ್ತೇವೆ. ಕೊಟ್ಟ ಮಾತು ದೇವರ ಪುಸ್ತಕದಲ್ಲಿ ಬರೆದಿರುತ್ತದೆ. ನಮ್ಮ ನೆನಪಿನಲ್ಲಿ ಮಾತ್ರ ಇರುವದಿಲ್ಲ. ಹನ್ನಳು ಸಮುವೇಲನನ್ನು ಶೀಲೋವಿನಲ್ಲಿ ಬಿಟ್ಟು ಬಂದ ಮೇಲೆ ಅವನನ್ನು ಮರೆಯಲಿಲ್ಲ. ವರುಷವರುಷಕ್ಕೂ ಚಿಕ್ಕದೊಂದು ಅಂಗಿಯನ್ನು ಹೊಲಿದು ತೆಗೆದುಕೊಂಡು ಹೋಗುತ್ತಿದ್ದಳೆಂದು ಓದುತ್ತೇವೆ (1 ಸಮುವೇಲ 2:19). ಈ ವರುಷ ಅವನು ಎಷ್ಟು ಬೆಳೆದಿದ್ದಾನೋ ಎಂದು ಲೆಕ್ಕಹಾಕಿಯೇ ಅವಳು ಬಟ್ಟೆಯನ್ನು ಕತ್ತರಿಸಬೇಕಾಗಿತ್ತು. ನಮ್ಮ ಸಭೆಯ ಕೂಸುಗಳು ಈ ವರುಷ ಎಷ್ಟು ಬೆಳೆದಿವೆಯೆಂದು ನಮ್ಮಲ್ಲಿ ಯಾರು ಲೆಕ್ಕ ಇಟ್ಟಿದ್ದಾರೆ? ಕಾಣಿಕೆಯ ಲೆಕ್ಕವನ್ನು ಹಿರಿಯರು ಕಾಸಿಗೆ ಕಾಸು ಇಡುತ್ತಾರೆ. ಆರು ವರ್ಷದೊಳಗಿನ ಮಕ್ಕಳ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದು, ತಿಂಗಳಿಗೊಮ್ಮೆ ಅವುಗಳ ಕ್ಷೇಮವನ್ನು ವಿಚಾರಿಸುವ ಸಭೆ ಎಲ್ಲಿದೆ?

2. ಆತನು ಅವುಗಳನ್ನು ಅಪ್ಪಿಕೊಂಡನು

ಆತನು ದೂರದಲ್ಲಿ ನಿಂತು ಆಶೀರ್ವಾದವನ್ನು ಉಚ್ಚರಿಸಿ ಕಳುಹಿಸಲಿಲ್ಲ. ಧೂಳು ಹತ್ತಿದ, ಮೂಗು ಸುರಿಯುವ ಕೂಸುಗಳನ್ನು ತೋಳುಗಳಲ್ಲಿ ಎತ್ತಿಕೊಂಡನು. ಕೂಸಿನ ಆತ್ಮವನ್ನು ಮುಟ್ಟುವ ದಾರಿಯು ಅದರ ಶರೀರದ ಮೂಲಕವೇ ಎಂದು ಆತನು ಬಲ್ಲವನಾಗಿದ್ದನು. ಹಸಿದ ಕೂಸಿಗೆ, ಹೆದರಿದ ಕೂಸಿಗೆ, ಒಂಟಿಯಾಗಿ ಬಿಟ್ಟ ಕೂಸಿಗೆ ದೇವರು ಪ್ರೀತಿಯೆಂದು ಹೇಗೆ ತಿಳಿಯುವದು?

ಇಲ್ಲಿ ನಮ್ಮ ಗ್ರಾಮಗಳ ಒಂದು ಸಂಕಟವನ್ನು ಮುಚ್ಚದೆ ಹೇಳಬೇಕಾಗಿದೆ. ನಮ್ಮ ಸಭೆಗಳಲ್ಲಿ ಬಹುಮಂದಿ ಕೂಲಿಯವರು. ನಾಟಿಯ ಕಾಲದಲ್ಲಿಯೂ ಕೊಯ್ಲಿನ ಕಾಲದಲ್ಲಿಯೂ ಗಂಡಹೆಂಡರಿಬ್ಬರೂ ಬೆಳಗಾಗುವದರೊಳಗೆ ಹೊಲಕ್ಕೆ ಹೋಗಬೇಕು. ಹೋಗದಿದ್ದರೆ ಒಲೆ ಉರಿಯದು. ಕೂಸನ್ನು ಯಾರು ನೋಡಬೇಕು? ಏಳೆಂಟು ವರುಷದ ಅಕ್ಕನು ನೋಡಬೇಕು. ಅವಳು ಶಾಲೆಯನ್ನು ಬಿಟ್ಟು, ತನ್ನ ಸೊಂಟಕ್ಕಿಂತ ಭಾರವಾದ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ಹೊಲದ ಬದುವಿನ ಮೇಲೆ ನಿಲ್ಲುತ್ತಾಳೆ. ಹೀಗೆ ಒಂದೇ ಪೆಟ್ಟಿಗೆ ಎರಡು ಮಕ್ಕಳ ಬೆಳವಣಿಗೆಯು ಕುಂದುತ್ತದೆ: ಕೂಸಿಗೆ ದೊಡ್ಡವರ ಆರೈಕೆಯಿಲ್ಲ, ಅಕ್ಕನಿಗೆ ಅಕ್ಷರವಿಲ್ಲ. ಫರೋಹನ ಕಾಲದಲ್ಲಿ ಮೋಶೆಯ ಅಕ್ಕನು ಆಪಿನ ಪೆಟ್ಟಿಗೆಯಲ್ಲಿದ್ದ ಕೂಸಿಗೆ ಏನಾಗುವದೋ ಎಂದು ದೂರದಲ್ಲಿ ನಿಂತು ನೋಡುತ್ತಿದ್ದಳು (ವಿಮೋಚನಕಾಂಡ 2:4). ಅಲ್ಲಿ ಕೂಸುಗಳನ್ನು ಕೊಲ್ಲಿಸುವ ಅರಸನಿದ್ದನು. ಅವಳಿಗೆ ಬೇರೆ ಗತಿಯಿರಲಿಲ್ಲ. ನಮ್ಮಲ್ಲಿ ಅಂಥ ಅರಸನು ಇಲ್ಲ. ಸುತ್ತಲೂ ಕ್ರಿಸ್ತನ ಸಭೆಯು ಇರುವಾಗ ನಮ್ಮ ಎಷ್ಟು ಮಂದಿ ಮಿರ್ಯಾಮರು ಇನ್ನೂ ಹಾಗೆಯೇ ಒಂಟಿಯಾಗಿ ನಿಲ್ಲಬೇಕು?

ಬಡ ಗ್ರಾಮಸಭೆಗಳಿಗೆ ಇದು ಅಸಾಧ್ಯವೆಂದು ಯಾರೂ ಹೇಳದ ಹಾಗೆ ಒಂದು ನಿಜವಾದ ಚರಿತ್ರೆಯನ್ನು ತಿಳಿಸುತ್ತೇವೆ. ಫ್ರಾನ್ಸ್ ದೇಶದ ಪೂರ್ವದಲ್ಲಿ ಆಲ್ಸಾಸ್ ಎಂಬ ಸೀಮೆಯುಂಟು. 1834ರಲ್ಲಿ ಮಂಗಳೂರಿಗೆ ಬಂದ ಮಿಶನರಿಗಳನ್ನು ಕಳುಹಿಸಿದ ಬಾಸೆಲ್ ಪಟ್ಟಣವು ಆ ಸೀಮೆಯ ಎಲ್ಲೆಯಲ್ಲಿಯೇ ಇರುತ್ತದೆ. ಅಲ್ಲಿನ ಬೆಟ್ಟಗಳಲ್ಲಿ ವಾಲ್ಡರ್ಸ್‌ಬಾಖ್ ಎಂಬ ಬಡ ಸಭೆಗೆ 1767ರಲ್ಲಿ ಓಬರ್ಲಿನ್ ಎಂಬ ಯೌವನಸ್ಥ ಬೋಧಕನು ಬಂದನು. ಐದು ಹಳ್ಳಿಗಳು, ಕೆಟ್ಟ ದಾರಿಗಳು, ಕಲ್ಲುನೆಲ, ದೀರ್ಘವಾದ ಚಳಿಗಾಲ. ದೊಡ್ಡವರು ದುಡಿಯುವಾಗ ಚಿಕ್ಕ ಮಕ್ಕಳು ನೋಡುವವರಿಲ್ಲದೆ ತಿರುಗುತ್ತಿದ್ದವು. ಆ ಹಳ್ಳಿಗಳಲ್ಲೊಂದಾದ ಬೆಲ್‌ಮೊಂನಲ್ಲಿ ಸಾರಾ ಬಾಂಜೆ ಎಂಬ ರೈತನ ಮಗಳು ನೆರೆಯ ಮಕ್ಕಳನ್ನು ತನ್ನ ಮನೆಗೆ ಕೂಡಿಸಿ, ನೂಲಿನಿಂದ ಹೆಣೆಯುವದನ್ನು ಕಲಿಸುತ್ತಿದ್ದಳು. ಬೋಧಕನು ಇದನ್ನು ಕಂಡು, ಇದು ದೇವರ ಕೆಲಸವೆಂದು ತಿಳಿದು, 1769ರಲ್ಲಿ ಅವಳಿಗೆ ಸಂಬಳವನ್ನು ಗೊತ್ತುಮಾಡಿದನು. ಬೇರೆ ಹಳ್ಳಿಗಳಲ್ಲಿಯೂ ಇಂಥ ಸ್ತ್ರೀಯರನ್ನು ನೇಮಿಸಿದನು. ಒಲೆಯಿಂದ ಬೆಚ್ಚಗಿದ್ದ ಕೋಣೆಯಲ್ಲಿ ದೊಡ್ಡ ಮಕ್ಕಳು ಸುತ್ತಲೂ ಕೂತು ಹೆಣೆಯುತ್ತಿದ್ದರು, ಚಿಕ್ಕವು ಆಡುತ್ತಿದ್ದವು. ಚಿತ್ರಗಳನ್ನು ತೋರಿಸಿ ಸತ್ಯವೇದದ ಕಥೆಗಳನ್ನು ಹೇಳುತ್ತಿದ್ದರು, ಗಿಡಮೂಲಿಕೆಗಳ ಹೆಸರುಗಳನ್ನು ಕಲಿಸುತ್ತಿದ್ದರು, ಹಾಡಿಸುತ್ತಿದ್ದರು.

ಸಾರಾಳು 1774ರಲ್ಲಿ ಎಳೆಯ ಪ್ರಾಯದಲ್ಲಿಯೇ ಕರ್ತನಲ್ಲಿ ನಿದ್ರೆಹೋದಳು. ಕೆಲಸವು ನಿಲ್ಲಲಿಲ್ಲ. ಬೋಧಕನ ಮನೆಗೆ ಸುಮಾರು ಹದಿನೈದು ವರುಷದವಳಾಗಿ ಕೆಲಸಕ್ಕೆ ಸೇರಿದ ಲೂಯಿಸ್ ಶೆಪ್ಲರ್ ಎಂಬವಳು ಅದನ್ನು ಕೈಗೆ ತೆಗೆದುಕೊಂಡು, 1837ರಲ್ಲಿ ಸಾಯುವ ತನಕ ಐವತ್ತು ವರುಷಕ್ಕಿಂತ ಹೆಚ್ಚು ಕಾಲ ಆ ಬೆಟ್ಟದ ಮಕ್ಕಳಿಗೋಸ್ಕರ ತನ್ನನ್ನು ಸವೆಯಿಸಿಕೊಂಡಳು. ತನಗೆ ಸಂಬಳ ಬೇಡ, ಮನೆಯ ಮಗಳೆಂದು ಎಣಿಸಿದರೆ ಸಾಕು ಎಂದು ಅವಳು ಬೋಧಕನನ್ನು ಬೇಡಿಕೊಂಡಳಂತೆ. ಜರ್ಮನಿಯ ಫ್ರೋಬೆಲ್ ಪಂಡಿತನು ತನ್ನ ಶಿಶುಶಾಲೆಗೆ "ಕಿಂಡರ್‌ಗಾರ್ಟನ್", ಅಂದರೆ ಮಕ್ಕಳ ತೋಟವೆಂಬ ಹೆಸರನ್ನು ಇಟ್ಟದ್ದು 1840ರಲ್ಲಿ. ಅದಕ್ಕೆ ಎಪ್ಪತ್ತು ವರುಷಗಳ ಮೊದಲೇ ಒಂದು ಬಡ ಗ್ರಾಮಸಭೆಯು ಈ ತೋಟವನ್ನು ನೆಟ್ಟಿತ್ತು. ಅದನ್ನು ಆರಂಭಿಸಿದವಳು ರೈತನ ಮಗಳು, ಮುಂದುವರಿಸಿದವಳು ಮನೆಕೆಲಸದವಳು. ಬೋಧಕನು ಮಾಡಿದ್ದೇನು? ಅವರ ಕೈಗಳಲ್ಲಿದ್ದದ್ದನ್ನು ಕಂಡು, ಸಭೆಯ ಬಲವನ್ನು ಅದರ ಹಿಂದೆ ನಿಲ್ಲಿಸಿದನು.

ನಮ್ಮ ನಾಡಿನಲ್ಲಿ ಈಗ ಸರಕಾರದ ಅಂಗನವಾಡಿಗಳಿವೆ. 1975ನೇ ಇಸವಿಯ ಅಕ್ಟೋಬರ್ 2ರಂದು ಶಿಶು ಅಭಿವೃದ್ಧಿ ಯೋಜನೆಯು ದೇಶದಲ್ಲಿ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಅದನ್ನು ಸ್ಥಾಪಿಸಿದರು. ಬಸುರಿಗೂ ಬಾಣಂತಿಗೂ ಆರು ವರುಷದೊಳಗಿನ ಮಗುವಿಗೂ ಅಲ್ಲಿ ಆಹಾರವುಂಟು, ಮೂರು ವರುಷ ತುಂಬಿದ ಮಗುವಿಗೆ ಆಟಪಾಠವುಂಟು. ಇದನ್ನು ದೇವರ ದಾನವೆಂದು ಕೃತಜ್ಞತೆಯಿಂದ ಉಪಯೋಗಿಸತಕ್ಕದ್ದು. ಅದಕ್ಕೆ ಎದುರಾಗಿ ಇನ್ನೊಂದನ್ನು ಕಟ್ಟುವ ಅಗತ್ಯವಿಲ್ಲ. ಆದರೆ ಅಂಗನವಾಡಿ ಮುಚ್ಚಿದ ಮೇಲೆಯೂ ಕೊಯ್ಲು ಮುಗಿದಿರುವದಿಲ್ಲ. ಇನ್ನೂ ಹರಿದಾಡುವ ಕೂಸನ್ನು ಇಡೀ ದಿನ ಕೂಡಿಸಿಕೊಳ್ಳಲು ಅಲ್ಲಿ ಕೈಗಳು ಸಾಲವು. ಆ ಹೊತ್ತಿನಲ್ಲಿ ವಾರದ ಆರು ದಿನ ಬೀಗ ಹಾಕಿಕೊಂಡಿರುವ ನಮ್ಮ ದೇವಾಲಯದ ಜಗಲಿಯು ಯಾಕೆ ತೆರೆಯಬಾರದು? ಎರಡು ಜೋಲಿ, ಒಂದು ಚಾಪೆ, ಕುದಿಸಿ ಆರಿಸಿದ ನೀರು, ಒಂದು ಪಾತ್ರೆ ರಾಗಿಗಂಜಿ, ಇಷ್ಟಿದ್ದರೆ ಸಾಕು. ಹೊಲದ ಕೆಲಸ ಮಾಡಲಾರದ ಅಜ್ಜಿಯರು ನಮ್ಮ ಪ್ರತಿ ಸಭೆಯಲ್ಲಿಯೂ ಇದ್ದಾರೆ. ಅವರು ಸರದಿಯ ಮೇಲೆ ಇಬ್ಬಿಬ್ಬರಾಗಿ ಕೂತರೆ ಹತ್ತು ತಾಯಂದಿರು ನಿಶ್ಚಿಂತೆಯಾಗಿ ದುಡಿಯುವರು, ಹತ್ತು ಅಕ್ಕಂದಿರು ಶಾಲೆಗೆ ಹೋಗುವರು. ಇಬ್ಬಿಬ್ಬರಾಗಿ ಎಂದು ನಾವು ಬೇಕೆಂದೇ ಹೇಳಿದೆವು. ಯಾವ ಕೂಸನ್ನೂ ಯಾವ ಒಬ್ಬರ ವಶದಲ್ಲಿಯೇ ಯಾರೂ ಕಾಣದ ಕಡೆಯಲ್ಲಿ ಬಿಡಬಾರದು. ಬಾಗಿಲು ತೆರೆದಿರಬೇಕು, ತಾಯಿಯು ಯಾವ ಹೊತ್ತಿನಲ್ಲಾದರೂ ಬಂದು ನೋಡುವಂತಿರಬೇಕು.

ಶರೀರದ ಆರೈಕೆಯು ಹೆರಿಗೆಯ ದಿನದಿಂದಲೇ ಆರಂಭವಾಗತಕ್ಕದ್ದು. ಹೆತ್ತ ಕೂಡಲೇ ಬರುವ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ವಾಡಿಕೆ ಕೆಲವು ಕಡೆಗಳಲ್ಲಿ ಇನ್ನೂ ಉಂಟು. ಅದು ದೇವರು ಕೂಸಿಗೆಂದು ಸಿದ್ಧಮಾಡಿದ ಮೊದಲನೆಯ ಔಷಧ. ಹುಟ್ಟಿದ ಒಂದು ತಾಸಿನೊಳಗೆ ಅದನ್ನು ಕುಡಿಸಬೇಕು. ಆರು ತಿಂಗಳು ತುಂಬುವ ತನಕ ತಾಯಿಯ ಹಾಲೇ ಸಾಕು, ಬೇಸಿಗೆಯಲ್ಲಿಯೂ ಬೇರೆ ನೀರು ಬೇಡ. ಆಮೇಲೆ ಮೆತ್ತಗೆ ಬೇಯಿಸಿದ ಅನ್ನ, ಬೇಳೆ, ರಾಗಿ, ಸೊಪ್ಪು, ಸಿಕ್ಕಿದರೆ ಮೊಟ್ಟೆ, ಇವುಗಳನ್ನು ಎದೆಹಾಲಿನ ಜೊತೆಯಲ್ಲಿಯೇ ಕೊಡತಕ್ಕದ್ದು. ಲಸಿಕೆಗಳನ್ನು ಕಾಲಕಾಲಕ್ಕೆ ಹಾಕಿಸಬೇಕು. ಒಂಬತ್ತು ತಿಂಗಳು ತುಂಬಿದಾಗ ಹಾಕಿಸತಕ್ಕ ದಡಾರದ ಲಸಿಕೆಯನ್ನು ಮರೆಯಬಾರದು. ಸಭೆಯ ಸ್ತ್ರೀಯರು ಹಿಡಿ ಅಕ್ಕಿಯ ಕಾಣಿಕೆಯಲ್ಲಿ ಒಂದು ಪಾಲನ್ನು ಬಡ ಬಾಣಂತಿಯ ಮನೆಗೆ ಮುಟ್ಟಿಸಿದರೆ ಅದು ಕರ್ತನಿಗೆ ಮುಟ್ಟುವದು. ತಂದೆಯಾದವನೇ, ನೀನೂ ಕೇಳು: ಕುಡಿತದ ಅಂಗಡಿಯಲ್ಲಿ ನೀನು ಸಂಜೆಗೆ ಇಡುವ ಹಣವು ನಿನ್ನ ಕೂಸಿನ ಬಟ್ಟಲಿನಿಂದ ತೆಗೆದದ್ದಾಗಿದೆ.

3. ಆತನು ಕೈಯಿಟ್ಟು ಅವುಗಳನ್ನು ಆಶೀರ್ವದಿಸಿದನು

ಆಶೀರ್ವದಿಸುವದು ಎಂದರೆ ಒಳ್ಳೆಯ ಮಾತನ್ನು ಆಡುವದು. ಕರ್ತನು ಆ ದಿನ ಆಡಿದ ಮಾತು ಕೂಸುಗಳಿಗೆ ಅರ್ಥವಾಗಿರಲಾರದು, ಆದರೂ ಆಡಿದನು. ಕೂಸು ಮಾತಾಡುವದಕ್ಕೆ ಬಹಳ ಮುಂಚೆಯೇ ಮಾತನ್ನು ಕೇಳುತ್ತದೆ. ತನ್ನ ಕಣ್ಣನ್ನು ನೋಡಿ ಮಾತಾಡುವವರು ಇದ್ದರೆ ಅದರ ನಾಲಿಗೆಯೂ ಬುದ್ಧಿಯೂ ಅರಳುತ್ತವೆ. ಆದಕಾರಣ ಮನೆಯಲ್ಲಿ ಯಾವ ಭಾಷೆಯೋ ಆ ಭಾಷೆಯಲ್ಲಿಯೇ, ಸ್ನಾನ ಮಾಡಿಸುವಾಗಲೂ ಉಣ್ಣಿಸುವಾಗಲೂ ಕೂಸಿನ ಸಂಗಡ ಮಾತಾಡಿರಿ. ಕೂತಾಗಲೂ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ಮಕ್ಕಳಿಗೆ ದೇವರ ಮಾತುಗಳನ್ನು ತಿಳಿಸಬೇಕೆಂದು ಮೋಶೆಯು ಇಸ್ರಾಯೇಲ್ಯರಿಗೆ ಆಜ್ಞಾಪಿಸಿದ್ದು (ಧರ್ಮೋಪದೇಶಕಾಂಡ 6:7) ಶಾಲೆಯ ಪಾಠವನ್ನಲ್ಲ, ಇಂಥ ಮನೆಮಾತನ್ನೇ. ಈಗಿನ ಕಾಲದಲ್ಲಿ ಅಳುವ ಕೂಸಿನ ಕೈಗೆ ಮೊಬೈಲನ್ನು ಕೊಟ್ಟು ಸುಮ್ಮನಾಗಿಸುವದು ಹಳ್ಳಿಗೂ ಬಂದಿದೆ. ಆ ಯಂತ್ರವು ಮಾತಾಡುತ್ತದೆ, ಆದರೆ ಕೂಸು ನಕ್ಕರೆ ಅದು ತಿರುಗಿ ನಗುವದಿಲ್ಲ.

ಇನ್ನೊಂದು ಸಂಗತಿಯುಂಟು. ಕೂಸು ಹಟಮಾಡಿದರೆ ಗುಮ್ಮ ಬರುತ್ತಾನೆ, ಪೊಲೀಸಿನವನು ಹಿಡಿಯುತ್ತಾನೆ ಎಂದು ಹೆದರಿಸುತ್ತೇವೆ. ಕಡೆಗೆ ದೇವರು ಕಣ್ಣು ಕೀಳುತ್ತಾನೆ ಎಂದೂ ಹೇಳುತ್ತೇವೆ. ಅಯ್ಯೋ! ಕೂಸುಗಳನ್ನು ಅಪ್ಪಿಕೊಂಡವನನ್ನು ನಾವೇ ಗುಮ್ಮನನ್ನಾಗಿ ಮಾಡಿದೆವಲ್ಲಾ! ಪೆಟ್ಟಿನಿಂದಲೂ ಹೆದರಿಕೆಯಿಂದಲೂ ಕಲಿಸಿದ ದೇವಭಕ್ತಿಯು ಮಗುವಿನ ಕೈಗೆ ಬಲ ಬಂದ ದಿನವೇ ಕಳಚಿ ಬೀಳುವದು. ತಿಮೊಥೆಯ ನಂಬಿಕೆಯು ಮೊದಲು ಅವನ ಅಜ್ಜಿಯಾದ ಲೋವಿಯಲ್ಲಿಯೂ ತಾಯಿಯಾದ ಯೂನಿಕೆಯಲ್ಲಿಯೂ ವಾಸವಾಗಿತ್ತೆಂದು ಪೌಲನು ಬರೆಯುತ್ತಾನೆ (2 ತಿಮೊಥೆ 1:5). ಅದು ಅಂಜಿಕೆಯಿಂದ ಬಂದದ್ದಲ್ಲ. ಮಡಿಲಿನಿಂದ ಮಡಿಲಿಗೆ ದಾಟಿ ಬಂದದ್ದು.

ಬೆಳವಣಿಗೆಯಲ್ಲಿ ಹಿಂದುಳಿದ ಕೂಸುಗಳ ವಿಷಯದಲ್ಲಿ ನಮ್ಮ ಬಾಯಿಗಳಿಗೆ ಕಾವಲು ಬೇಕು. ಒಂದು ಕೂಸು ಕರೆದರೆ ತಿರುಗುವದಿಲ್ಲ, ಒಂದೂವರೆ ವರುಷ ಕಳೆದರೂ ಹೆಜ್ಜೆಯಿಡುವದಿಲ್ಲ, ಎರಡು ವರುಷವಾದರೂ ಎರಡು ಮಾತು ಕೂಡಿಸಿ ಆಡುವದಿಲ್ಲ. ಆಗ ನೆರೆಯವರು ಪಿಸುಗುಟ್ಟುತ್ತಾರೆ: ಇದು ಯಾರ ಪಾಪವೋ! ತಾಯಿಯು ನಾಚಿಕೆಯಿಂದ ಕೂಸನ್ನು ಒಳಗೆ ಬಚ್ಚಿಡುತ್ತಾಳೆ. ಹುಟ್ಟುಕುರುಡನನ್ನು ಕುರಿತು ಶಿಷ್ಯರು ಇದೇ ಪ್ರಶ್ನೆಯನ್ನು ಕೇಳಿದಾಗ ಕರ್ತನು ಅವನದಾಗಲಿ ಅವನ ತಂದೆತಾಯಿಗಳದಾಗಲಿ ಪಾಪವು ಕಾರಣವಲ್ಲವೆಂದು ಬಾಯಿ ಮುಚ್ಚಿಸಿದನು (ಯೋಹಾನ 9:3). ಆದದರಿಂದ ಪಿಸುಗುಟ್ಟುವದನ್ನು ಬಿಟ್ಟು, ಹಿರಿಯರಲ್ಲಿ ಒಬ್ಬರು ಆ ತಾಯಿಯ ಸಂಗಡ ಆಸ್ಪತ್ರೆಗೆ ಹೋಗಲಿ. ಕಿವಿ ಮಂದವಾದ ಕೂಸಿಗೆ ಬೇಗ ಪರೀಕ್ಷೆಯಾದರೆ ಮಾತು ಬರುವ ದಾರಿಯುಂಟು. ತಡವಾದಷ್ಟೂ ಆ ದಾರಿಯು ಇಕ್ಕಟ್ಟಾಗುವದು. ಇಲ್ಲಿಯೂ "ದೊಡ್ಡವಾಗಲಿ, ಆಮೇಲೆ ನೋಡೋಣ" ಎಂಬದು ಕೂಸಿನ ವೈರಿಯಾಗಿದೆ.

ನೆರೆಮನೆಯ ಕೂಸು ನಮ್ಮ ಜಗಲಿಗೆ ಬಂದರೆ ಏನು ಮಾಡಬೇಕು? ಅದು ಯಾವ ಜಾತಿಯದು, ಯಾವ ಮತದ್ದು ಎಂದು ಕೇಳದೆ ಗಂಜಿಯನ್ನು ಕೊಡತಕ್ಕದ್ದು. ಕೊಟ್ಟದ್ದಕ್ಕೆ ಏನನ್ನೂ ಬಯಸಬಾರದು. ಕರ್ತನ ಬಳಿಗೆ ಬಂದ ಕೂಸುಗಳ ಹೆಸರುಗಳನ್ನಾಗಲಿ ಕುಲವನ್ನಾಗಲಿ ಮಾರ್ಕನು ಬರೆದಿಲ್ಲ.

ಕಡೇ ಮಾತು

ನಾವು ಬಡವರು, ನಮ್ಮಿಂದ ಇದೆಲ್ಲಾ ಆಗುವದೋ ಎಂದು ಕೆಲವರು ಹೇಳುವರು. ಎಲ್ಲವನ್ನೂ ಒಂದೇ ಸಾರಿ ಮಾಡಬೇಕೆಂದು ನಾವು ಹೇಳುವದಿಲ್ಲ. ಬರುವ ಆದಿತ್ಯವಾರ ಆರಾಧನೆಯು ಮುಗಿದ ಮೇಲೆ ಹಿರಿಯರೂ ಸ್ತ್ರೀಯರೂ ಅರ್ಧ ತಾಸು ಕೂತುಕೊಳ್ಳಲಿ. ಮೊದಲು ಆರು ವರುಷದೊಳಗಿನ ಮಕ್ಕಳ ಹೆಸರುಗಳನ್ನು ಬರೆಯಲಿ. ಎರಡನೆಯದಾಗಿ, ಆ ಕೂಸುಗಳನ್ನು ಹೊರುವದಕ್ಕೋಸ್ಕರ ಶಾಲೆ ಬಿಟ್ಟ ಹೆಣ್ಣುಮಕ್ಕಳು ಯಾರಾರೆಂದು ಪಕ್ಕದಲ್ಲಿ ಬರೆಯಲಿ. ಮೂರನೆಯದಾಗಿ, ಒಂದೊಂದು ಹೆಸರಿನ ಮುಂದೆ ಸಭೆಯ ಒಬ್ಬ ಅಜ್ಜಿಯ ಇಲ್ಲವೆ ಒಬ್ಬ ಚಿಕ್ಕಮ್ಮನ ಹೆಸರನ್ನು ಬರೆಯಲಿ. ಈ ವರುಷದ ಕೊಯ್ಲಿನ ಕಾಲದಲ್ಲಿ ಒಬ್ಬಳೇ ಒಬ್ಬ ಹುಡುಗಿಯು ತನ್ನ ತಮ್ಮನನ್ನು ಸೊಂಟದಿಂದ ಇಳಿಸಿ, ಚೀಲವನ್ನು ತೆಗೆದುಕೊಂಡು ಶಾಲೆಗೆ ಹೋದರೆ, ನಮ್ಮ ಸಭೆಯು ಕೊಟ್ಟ ಮಾತಿನಲ್ಲಿ ಒಂದು ಪಾಲು ನೆರವೇರಿತೆಂದು ತಿಳಿಯಿರಿ. ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳುವದೇ ಕ್ರಿಸ್ತನ ನಿಯಮವೆಂದು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಕಲಿತಿದ್ದೇವೆ. ನಮ್ಮ ಭಾರಗಳಲ್ಲೆಲ್ಲಾ ಹಗುರವಾದದ್ದು ಒಂದು ಕೂಸಿನ ಭಾರ. ಅದನ್ನು ಎಂಟು ವರುಷದ ಸೊಂಟದ ಮೇಲೆ ಬಿಟ್ಟಿರುವದು ನಮಗೆ ತರವಲ್ಲ.

ಆ ದಿನ ಕೂಸುಗಳನ್ನು ತೋಳುಗಳಲ್ಲಿ ಎತ್ತಿಕೊಂಡ ಕರ್ತನು ಈಗ ಪರಲೋಕದಲ್ಲಿದ್ದಾನೆ. ನಮ್ಮ ಹಳ್ಳಿಯಲ್ಲಿ ಆತನಿಗೆ ನಮ್ಮ ತೋಳುಗಳ ಹೊರತು ಬೇರೆ ತೋಳುಗಳಿಲ್ಲ. ಆತನು ನಮ್ಮ ಮೇಲೆ ಸಿಟ್ಟುಗೊಳ್ಳುವದಕ್ಕೆ ಕಾರಣವಿಲ್ಲದಂತೆ ಅವುಗಳನ್ನು ಚಾಚೋಣ. ಕೂಸುಗಳನ್ನು ಕರೆದವನೂ ಅಪ್ಪಿಕೊಂಡವನೂ ಆಶೀರ್ವದಿಸಿದವನೂ ಆಗಿರುವ ಆತನು ನಮ್ಮ ಮನೆಗಳನ್ನೂ ನಮ್ಮ ಸಭೆಗಳನ್ನೂ ಆಶೀರ್ವದಿಸಲಿ.

ಆಮೆನ್.